ಅತ್ತೆಯ ಎಳೆ, ನನ್ನ ಗರಗಸ

ಮೊಣಕಾಲಿನ ಆಪರೇಷನ್ ಆದ ಮೇಲೆ ನಮ್ಮ ಅತ್ತೆ ಬಾಗಿಲಿಗೆ ರಂಗೋಲಿ ಹಾಕುವುದು ನಿಂತುಹೋಯಿತು. ಬಗ್ಗುವಂತಿರಲಿಲ್ಲ. ನಮ್ಮ ಈ ಸಿಂಗಾಪುರ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಹಾಕಿದ ಕೈ ಅದು. ನಾನು ಹಾಕಿದ್ದನ್ನು ನೋಡಿದರೆ ಮುಖ ತಿರುಗಿಸಿಕೊಂಡು ಒಳಗೆ ಹೋಗಿ, ಗೋಡೆ ನೋಡುತ್ತ ಕೂರುತ್ತಿದ್ದರು. ನನಗೆ ಸಂಕಟವೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಇದಕ್ಕೊಂದು ದಾರಿ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ನನಗೊಂದು ಹುಚ್ಚಿದೆ. ಟೆರೇಸಿನ ಶೆಡ್ಡಿನಲ್ಲಿ ಸ್ಕ್ರೋಲ್ ಸಾ ಎಂಬ ಸಣ್ಣ ಗರಗಸದ ಮಷೀನಿಟ್ಟುಕೊಂಡು ಚೌಕದ ಹಲಗೆಗಳಲ್ಲಿ ಹೂವು, ಬಳ್ಳಿ ಕೊರೆಯುತ್ತೇನೆ. ಅತ್ತೆಯ ರಂಗೋಲಿಯನ್ನೇ ಕೊರೆದರೆ? ಕೇಳಿದ್ದಕ್ಕೆ ಕೂತಲ್ಲೇ ಕಾಗದದ ಮೇಲೆ ಚುಕ್ಕಿ ಇಟ್ಟು, ಅವುಗಳ ಸುತ್ತ ಒಂದೇ ಎಳೆ ಸುತ್ತಿಸಿ ಬರೆದುಕೊಟ್ಟರು.

"ಎಳೆ ಎಲ್ಲೂ ಕಡೀಬಾರ್ದು ಕಣವ್ವಾ, ಅಷ್ಟು ನೋಡ್ಕೋ."

ನೋಡಿಕೊಂಡೆ, ನನ್ನ ತಲೆ! ಕಾಗದವನ್ನು ಹಲಗೆಗೆ ಅಂಟಿಸಿ, ರಂಗೋಲಿ ಹಾಕುವ ಅಭ್ಯಾಸದಲ್ಲಿ ಎಳೆಯ ಮೇಲೇ ಬ್ಲೇಡು ಓಡಿಸಿದೆ. ಎಳೆ ತನ್ನನ್ನೇ ದಾಟಿದಲ್ಲೆಲ್ಲ ಒಂದೊಂದು ತುಂಡು ಕಳಚಿ, ಇಡೀ ರಂಗೋಲಿ ಕಾಲ ಬಳಿ ಉದುರಿತು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಿಟ್ಬಿಡೇ, ಆಗಲ್ಲ ಇದು."

"ಆಗತ್ತೆ ರೀ. ನೀವು ಮೊದ್ಲು ಕೆಳಗಿಳೀರಿ" ಎಂದೆ.

ಮಾರನೆಯ ದಿನ ಬುದ್ಧಿ ಬಂತು. ಎಳೆಯನ್ನು ಕೊರೆಯಬಾರದು, ಉಳಿಸಬೇಕು. ಎಳೆಯನ್ನು ದಪ್ಪಗೆ ಬರೆದು, ನಡುವಿನ ಖಾಲಿ ಜಾಗಗಳಿಗೆ ತೂತು ಹಾಕಿ, ಬ್ಲೇಡು ತೂರಿಸಿ ಒಂದೊಂದನ್ನೇ ಕೊರೆದು ತೆಗೆದೆ. ಬ್ಲೇಡು ಮುರಿದವು, ಬೆರಳು ಸುಲಿಯಿತು, ನಾನು ಬಿಡಲಿಲ್ಲ. ಕೊನೆಗೆ ಎಳೆಯೊಂದೇ ನಿಂತಿತು. ಅದಕ್ಕೆ ಬಿಳಿ ಬಣ್ಣ ಬಳಿದು, ಕೆಮ್ಮಣ್ಣಿನ ಬಣ್ಣದ ಹಲಗೆಗೆ ಅಂಟಿಸಿ ಅತ್ತೆಯ ಮಡಿಲಲ್ಲಿಟ್ಟೆ.

ಅವರು ಎಳೆಯುದ್ದಕ್ಕೂ ಬೆರಳಾಡಿಸಿದರು. "ಎಳೆ ಸರಿಯಾಗೈತೆ. ಚುಕ್ಕಿ ಎಲ್ಲವ್ವಾ?"

ಅಯ್ಯೋ ದೇವರೇ! ಚುಕ್ಕಿಗಳಿದ್ದದ್ದು ಆ ಖಾಲಿ ಜಾಗಗಳಲ್ಲೇ. ಕೊರೆದು ತೆಗೆದ ತುಂಡುಗಳ ಜೊತೆ ಅವೂ ಹೋಗಿದ್ದವು. ನನ್ನ ಮೇಲೇ ಸಿಟ್ಟು ಬಂದು ಕಣ್ಣು ತುಂಬಿತು.

"ಕೊಡಿ ಇಲ್ಲಿ. ನಾಳೆ ಚುಕ್ಕಿ ಮಾಡಿ ಅಂಟಿಸ್ತೀನಿ."

ಕೊಡಲಿಲ್ಲ. "ಇರ್ಲಿ ಬುಡು. ಬಾಗ್ಲತ್ರ ಒಂದು ಸ್ಟೂಲಾಕಿ ಅದ್ರ ಮೇಲೆ ಇದನ್ನ ಇಕ್ಕು. ನಂಗೊಂದು ಕುರ್ಚಿ. ರಂಗೋಲಿ ಪುಡಿ ತಾ."

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಎರಡು ಬೆರಳಲ್ಲಿ ಪುಡಿ ಹಿಡಿದು, ಚುಕ್ಕಿ ಇರಬೇಕಾದ ಒಂದೊಂದು ಜಾಗದಲ್ಲೂ ಇಡುತ್ತಾ ಹೋದರು. ಕೈ ಒಮ್ಮೆಯೂ ತಡವರಿಸಲಿಲ್ಲ. ಮುಗಿಸಿ, ಕೈ ಕೊಡವಿ, ನನ್ನ ಕಡೆ ತಿರುಗಿದರು.

"ಸಂಜೀಕೆ ಒರ್ಸಿಡು. ಅಂಟ್ಸಿಗಿಂಟ್ಸೀಯಾ, ಉಸಾರು! ನಾಳೀಕೆ ನಾನೇ ಇಕ್ಬೇಕು."