ಎಲಾಡಿಯೊನ ಗೋಡೆಯ ಮೂಕ ಡಬ್ಬಿ

ನಮ್ಮ ಲುಯಾನೊ ಕೇರಿಯ ಹುಡುಗರು ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದು ಮನೆಮನೆಯ ಕಂಪ್ಯೂಟರುಗಳನ್ನು ಕೂಡಿಸಿದ್ದರು. ಆಟ, ಹರಟೆ, ಸಿನಿಮಾ ಎಲ್ಲ ಅದರಲ್ಲೇ. ತಂತಿಗಳು ಬಂದು ಸೇರುವ ಸ್ವಿಚ್ ಡಬ್ಬಿ ಇದ್ದದ್ದು ನನ್ನ ಪಕ್ಕದ ಮನೆಯ ಎಲಾಡಿಯೊನ ಗೋಡೆಯ ಮೇಲೆ.

ಎಲಾಡಿಯೊ ಬಸ್ಸು ಓಡಿಸುತ್ತಿದ್ದವನು. ಬೆನ್ನುಮೂಳೆ ಮುರಿದ ಮೇಲೆ ಹಾಸಿಗೆಯೇ ಗತಿ. ಕೈ ಆಡುತ್ತಿತ್ತು, ಬಾಯಿ ಇನ್ನೂ ಹೆಚ್ಚು. ದಿನವಿಡೀ ಮೈಕು ಹಿಡಿದು, ಆಡುವ ಹುಡುಗರನ್ನು ಛೇಡಿಸುತ್ತ, ಬೈಸಿಕೊಳ್ಳುತ್ತ ನಗುತ್ತಿದ್ದ. ಅವನ ಲೋಕ ಅಷ್ಟೇ.

ಡಬ್ಬಿ ಅಗ್ಗದ್ದು, ಮೂಕ. ಬದುಕಿದೆಯೋ ಸತ್ತಿದೆಯೋ ತಾನಾಗಿ ಹೇಳದು. ಅದಕ್ಕೇ ಜಾಲದ ಯಜಮಾನ ಯೋಸ್ಬೆಲ್ ತನ್ನ ಮನೆಯಲ್ಲೇ ಕೂತು, ಅದಕ್ಕೆ ಸಿಕ್ಕಿಸಿದ್ದ ಎಲಾಡಿಯೊನ ಕಂಪ್ಯೂಟರನ್ನು ಆಗಾಗ ಜಾಲದ ಮೂಲಕವೇ ಕೂಗಿ ನೋಡುತ್ತಿದ್ದ. ಅದು ಓಗೊಟ್ಟರೆ ಡಬ್ಬಿ ನೆಟ್ಟಗಿದೆ ಎಂದರ್ಥ.

ಒಂದು ಭಾನುವಾರ ದೊಡ್ಡ ಪಂದ್ಯದ ನಡುವೆ ಜಾಲ ಉಸಿರು ಕಟ್ಟಿತು. ಎಲಾಡಿಯೊನ ತಂಗಿಯ ಮಗಳು ಇದಾಲ್ಮಿಸ್ ನೆಲ ಒರೆಸುವಾಗ, ಜೋತಾಡುತ್ತಿದ್ದ ತಂತಿಯ ತುದಿಯನ್ನು ಡಬ್ಬಿಯ ಖಾಲಿ ತೂತಿಗೆ ಚುಚ್ಚಿದ್ದಳು. ಇನ್ನೊಂದು ತುದಿಯೂ ಅದೇ ಡಬ್ಬಿಯಲ್ಲಿತ್ತು. ಜಾಲ ತನ್ನ ಮಾತನ್ನೇ ನುಂಗಿ ತಾನೇ ಕಕ್ಕುತ್ತ ಕೂತಿತ್ತು.

ಯಾರ ಮನೆಯಿಂದ ಜಾಲ ಕೆಡುತ್ತದೋ ಆ ಮನೆಯವನ ಆಟ, ಹರಟೆ ಮುಚ್ಚುವುದು ಕೇರಿಯ ಕಟ್ಟಳೆ. ಆ ತಂತಿ ಕಿತ್ತು ಜಾಲ ಸರಿಮಾಡಿ, ಎಲಾಡಿಯೊನದನ್ನು ಮುಚ್ಚಿದರು. ಕಂಪ್ಯೂಟರ್ ಮಾತ್ರ ಆರಿಸಕೂಡದು ಎಂದ ಯೋಸ್ಬೆಲ್. ಡಬ್ಬಿಯ ಸುದ್ದಿಗೆ ಅದು ಬೇಕಲ್ಲ. ಇದಾಲ್ಮಿಸ್ ಅದನ್ನು ಎಲಾಡಿಯೊನ ಕೈಗೆ ಎಟುಕದ ಮೇಜಿಗೆ ಸರಿಸಿದಳು.

ಯಂತ್ರ ಹಗಲೆಲ್ಲ ಓಗೊಡುತ್ತಿತ್ತು. ಅವನು ಸುಮ್ಮನೆ ಬಿದ್ದಿದ್ದ. ಒಂದು ಮಧ್ಯಾಹ್ನ ನಾನು ಅನ್ನ, ಕರಿ ಹುರುಳಿ ಒಯ್ದಾಗ ತಟ್ಟೆ ದೂಡಿದ.

"ಅಕ್ಕಾ, ಅದನ್ನ ಆರಿಸು. ಆಗಲಾದ್ರೂ ಯೋಸ್ಬೆಲ್ ಬರ್ತಾನೆ."

ಆರಿಸಿದೆ. ಕಾಫಿ ಕುದಿಯುವಷ್ಟರಲ್ಲಿ ಯೋಸ್ಬೆಲ್ ಏಣಿ ಹೊತ್ತು ಬಂದ. ಡಬ್ಬಿಯ ದೀಪಗಳು ಮಿಣುಕುತ್ತಿದ್ದವು. ಹಾಸಿಗೆಯತ್ತ ತಿರುಗಿದ.

"ಡಬ್ಬಿಗೇನೂ ಆಗಿಲ್ಲ, ಮುದುಕಾ. ಸುಮ್ನೆ ನನ್ನ ಕಾಲು ಸವೆಸಿದೆ."

"ನಿಂಗೆ ಸವೆಸೋಕೆ ಕಾಲಾದ್ರೂ ಇದೆಯಲ್ಲೊ," ಎಂದ ಎಲಾಡಿಯೊ. "ಹರಟೆಗೆ ಬಿಡು, ಆನ್ ಮಾಡಿಸ್ತೀನಿ. ನಾನಿಲ್ದೆ ನಿನ್ನ ಡಬ್ಬಿ ಸುದ್ದಿ ಹೇಳೋರ್ಯಾರು?"

ಯೋಸ್ಬೆಲ್ ಏಣಿ ಅಲ್ಲೇ ಬಿಟ್ಟು ಮನೆಗೆ ಹೋದ. ಮರಳಿ ಬರುವಾಗ ಆಂಟೆನಾ ಮುರಿದ ಹಳೇ ರೌಟರ್ ತಂದು ಡಬ್ಬಿಯ ಪಕ್ಕ ತೂಗುಹಾಕಿ, ಎಲಾಡಿಯೊನ ತಂತಿ ಕಿತ್ತು ಅದೇ ತೂತಿಗೆ ಅದನ್ನು ಸಿಕ್ಕಿಸಿದ. ಫೋನಿನಿಂದ ಕೂಗಿ ನೋಡಿದ. ಓಗೊಟ್ಟಿತು.

"ಓಗೊಡೋಕೆ ಮನುಷ್ಯನೇ ಬೇಕಾ? ತಗಡು ಸಾಕು. ಇನ್ನು ನೀನು ಎಷ್ಟು ಬೇಕಾದ್ರೂ ಆರಿಸ್ಕೋ."

ಕಿತ್ತ ತಂತಿಯನ್ನು ಮೊಣಕೈಗೆ ಸುತ್ತಿಕೊಂಡ. ತನ್ನ ಟೀವಿ ಧಾರಾವಾಹಿಗೆ ತೊಂದರೆಯಿಲ್ಲ ತಾನೆ ಎಂದಷ್ಟೇ ಕೇಳಿದಳು ಇದಾಲ್ಮಿಸ್. ಇಲ್ಲ ಎಂದು ಹೇಳಿ ಹೊರಟ.

ಡಬ್ಬಿ ಕಾಣದ ಹಾಗೆ ತನ್ನನ್ನು ಆ ಕಡೆ ಹೊರಳಿಸಲು ಎಲಾಡಿಯೊ ನನಗೆ ಹೇಳಿದ. ನಾನು ಭುಜ ಹಿಡಿದು ಹೊರಳಿಸಿದೆ. ಇದಾಲ್ಮಿಸ್ ಬಂದು ನೋಡಿದಳು.

"ಆ ಮಗ್ಗುಲಲ್ಲಿ ಹುಣ್ಣಿದೆ, ಮಾವ. ಕೀವಾದ್ರೆ ತೊಳೆಯೋಳು ನಾನು," ಎಂದು ಅವನನ್ನು ಮತ್ತೆ ಡಬ್ಬಿಯ ಕಡೆಗೇ ತಿರುಗಿಸಿ, ಬೆನ್ನಿಗೆ ದಿಂಬು ಒತ್ತಿಟ್ಟಳು.