ಗೂಡಿನಲ್ಲಿಟ್ಟ ತಾಟು

ಆ ದಿನ ಎದ್ದವಳು ಮೊದಲು ನಲ್ಲಿಗೆ ನೀರು ಬಂದಿದೆಯೇ ಎಂದು ನೋಡಿದೆ. ಬಂದಿತ್ತು. ಪೀಪಾಯಿ ತುಂಬಿಸಿ, ಅಂಗಳ ಗುಡಿಸಿ, ಕೈ ತೊಳೆದುಕೊಂಡೆ. ಹಿಂದಿನ ದಿನದ ಯೂನಿಫಾರ್ಮನ್ನು ಬಿಸಿನೀರಿನಲ್ಲಿ ಹಿಂಡಿ ತಂತಿಗೆ ಹಾಕಿ, ಕೈ ತೊಳೆದುಕೊಂಡೆ. ಬಚ್ಚಲ ಹೊರಗೋಡೆಯ ಗೂಡಿನಿಂದ ನನ್ನ ತಾಟು, ಲೋಟ ತೆಗೆದು ಬೂದಿ ಹಾಕಿ ತಿಕ್ಕಿದೆ. ರಾತ್ರಿ ತಿಕ್ಕಿಟ್ಟವೇ ಅವು. ಅತ್ತೆ ಹೊಸ್ತಿಲ ಒಳಗೆ ನಿಂತು ಮೇಲಿನಿಂದ ಹಾಕಿದ ರೊಟ್ಟಿ, ಪುಂಡಿಪಲ್ಯವನ್ನು ಕಟ್ಟೆಯ ಮೇಲೆ ಕುಳಿತು ತಿಂದೆ. ತಾಟು ಮತ್ತೆ ತೊಳೆದು ಗೂಡಿಗಿಟ್ಟೆ. ಚಪ್ಪಲಿ ತೊಳೆದೆ. ಕೈ ತೊಳೆದುಕೊಂಡು ಹುಮನಾಬಾದಿನ ಬಸ್ಸು ಹಿಡಿದೆ.

ಒಲೆಯ ಹತ್ತಿರದ ಒಂದು ಕೆಲಸವೂ ಇದರಲ್ಲಿಲ್ಲ. ಹಿಟ್ಟು ನಾದುವುದು, ಮಗಳ ಡಬ್ಬಿ ಕಟ್ಟುವುದು, ಮೊಸರಿಗೆ ಹೆಪ್ಪು ಹಾಕುವುದು ಎಲ್ಲ ಅತ್ತೆ ಮತ್ತು ನನ್ನ ಗಂಡನ ಪಾಲಿಗೆ ಹೋಗಿ ಬಹಳ ಕಾಲವಾಗಿತ್ತು. ಗಂಡ ನಮ್ಮೂರು ಬಸವಕಲ್ಯಾಣದಲ್ಲೇ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾರೆ. ಸುತ್ತುವ ಕೈ, ರೊಟ್ಟಿ ಬಡಿಯುವುದನ್ನೂ ಬೇಗ ಕಲಿಯಿತು. ನಾನು ಹುಮನಾಬಾದಿನ ದವಾಖಾನೆಯಲ್ಲಿ ನರ್ಸು. ಮಲಗುವುದು ಹೊರಗಿನ ಖೋಲಿಯಲ್ಲಿ, ಉಣ್ಣುವುದು ಕಟ್ಟೆಯ ಮೇಲೆ. ಕೊರೋನಾ ವಾರ್ಡಿಗೆ ಹಾಕಿದ ದಿನ ಆದ ಏರ್ಪಾಡು ಅದು. ಆಗ ಅದು ಸರಿಯೇ ಇತ್ತು. ಮನೆಯಲ್ಲಿ ವಯಸ್ಸಾದ ಅತ್ತೆ, ಬೆಳೆಯುವ ಮಗಳು.

ವಾರ್ಡು ಮುಚ್ಚಿತು. ಎಲ್ಲರಿಗೂ ಎರಡು ಸಲ ಸೂಜಿ ಆಯಿತು. ಜತೆಯ ಸಿಸ್ಟರುಗಳು ಮನೆಯೊಳಗೆ ಹೋದರು, ಮಕ್ಕಳನ್ನು ಎತ್ತಿಕೊಂಡರು, ಮದುವೆ ಊಟಗಳಿಗೆ ಹೋದರು. ನಾನು ಕಟ್ಟೆಯ ಮೇಲೆಯೇ ಉಳಿದೆ. ಗಂಡ ಕೇಳಿದಾಗಲೆಲ್ಲ, "ಇನ್ನೊಂದು ವಾರ ನೋಡೂಣು" ಅನ್ನುತ್ತಿದ್ದೆ. ಅವರು ಒತ್ತಾಯ ಮಾಡುವ ಪೈಕಿ ಅಲ್ಲ. ಮಗಳು ಮಾತ್ರ ತನ್ನ ಪುಸ್ತಕ ತಂದು ಹೊಸ್ತಿಲ ಒಳಗಡೆ ಕುಳಿತು ಓದುತ್ತಿದ್ದಳು. ಅವಳು ಕೈ ಚಾಚಿದರೆ ನಾನು ಸರಿಯುತ್ತಿದ್ದೆ. ಆಮೇಲೆ ಅವಳು ಚಾಚುವುದನ್ನು ಬಿಟ್ಟಳು.

ಯಾಕೆ ಹೀಗಾಯಿತೆಂದು ಆಗ ನನಗೆ ಗೊತ್ತಿರಲಿಲ್ಲ. ಈಗ ಯೋಚಿಸಿದರೆ ವಾರ್ಡಿನ ಕಿಟಕಿಕಟ್ಟೆ ಕಣ್ಣಿಗೆ ಬರುತ್ತದೆ. ರೋಗಿಗಳಿಗೆ ಮನೆಯಿಂದ ಬಂದ ಸ್ಟೀಲ್ ಡಬ್ಬಿಗಳನ್ನು ಗೇಟಿನಿಂದ ತರುವುದು, ಉಂಡ ಮೇಲೆ ಔಷಧಿ ನೀರಿನಲ್ಲಿ ತೊಳೆದು ಮರಳಿ ಕೊಡುವುದು ನಮ್ಮ ಕೆಲಸ. ಬಹಳಷ್ಟು ಮನೆಯವರು ತಗೊಳ್ಳುತ್ತಿರಲಿಲ್ಲ. "ಬ್ಯಾಡ್ರಿ, ಅಲ್ಲೇ ಇರ್ಲಿ" ಅನ್ನುತ್ತಿದ್ದರು. ಹಳ್ಳಿಖೇಡದ ಕಡೆಯ ಒಬ್ಬ ಮುದುಕಿ ಪೂರಾ ಗುಣವಾಗಿ, ತನ್ನ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಗೇಟಿನಲ್ಲಿ ಮಗ ಅದನ್ನು ಬಿಚ್ಚಿಸಿ ನನ್ನ ಕೈಗೇ ಕೊಟ್ಟ. ಮುದುಕಿ ಟಂಟಂ ಆಟೋದಲ್ಲಿ ಕೂತು ಡಬ್ಬಿಯ ಕಡೆಗೇ ನೋಡುತ್ತ ಹೋದಳು. ಮುಚ್ಚಳದ ಮೇಲೆ ಹೆಸರು ಕೊರೆಸಿದ ಅಂಥ ಡಬ್ಬಿಗಳು ಕಿಟಕಿಯಲ್ಲಿ ಸಾಲಾಗಿ ನಿಂತಿದ್ದವು. ತೀರಿಕೊಂಡವರವು, ಬದುಕಿದವರವು ಎಂಬ ಭೇದವಿರಲಿಲ್ಲ. ಅವನ್ನು ದಿನಾ ಒರೆಸುತ್ತಿದ್ದವಳು ನಾನು.

ನನ್ನ ತಾಟಿನ ಬಗ್ಗೆ ಅತ್ತೆ ವಾರ್ಡು ನಡೆದಷ್ಟು ದಿನ ಏನೂ ಅನ್ನಲಿಲ್ಲ. ಬಳಿಕ ಗೂಡಿನ ಕಡೆ ನೋಡಿ ಮುಖ ತಿರುವತೊಡಗಿದರು. ಅದಕ್ಕೆ ಕಾರಣವಿತ್ತು. ಅತ್ತೆ ಮಂಠಾಳದವರು. ಹುಡುಗಿಯಾಗಿದ್ದಾಗ ಅವ್ವನ ಜೊತೆ ಗೌಡರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದರು. ದನದ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಇವರಿಗೆಂದೇ ಕಿವಿ ಮುರಿದ ಕಪ್ಪು ಇಟ್ಟಿರುತ್ತಿದ್ದರಂತೆ. ತಾವೇ ತೆಗೆದುಕೊಂಡು, ಮೇಲಿನಿಂದ ಹಾಕಿದ ಚಹಾ ಕುಡಿದು, ತಾವೇ ತೊಳೆದು ಅಲ್ಲೇ ಇಡಬೇಕು. ಮದುವೆಯಾಗಿ ಬಂದ ಮೇಲೆ ಅತ್ತೆ ಪರರ ಮನೆಯಲ್ಲಿ ಚಹಾ ಮುಟ್ಟಿದವರಲ್ಲ. ನಾನು ಸೊಸೆಯಾಗಿ ಬಂದಾಗ ಮನೆಯಲ್ಲಿದ್ದ ತಾಟುಗಳೆಲ್ಲ ಒಂದೇ ಅಳತೆ, ಒಂದೇ ಅಂಚು. ಇದು ಇವರದು, ಅದು ಅವರದು ಎಂಬ ಮಾತೇ ಇರಲಿಲ್ಲ.

ಆ ದಿನ ಮಧ್ಯಾಹ್ನ ದವಾಖಾನೆಯಲ್ಲಿ ಡಾಕ್ಟರ ಕೋಣೆಯಲ್ಲಿ ಕೇಸ್ ಪೇಪರು ಜೋಡಿಸುತ್ತಿದ್ದೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಚೀಲ.

"ಅತ್ತಿ, ಏನಾತ್ರಿ? ಆರಾಮ ಅದೀರಿಲ್ಲೊ?"

"ಆರಾಮೇ ಅದೀನಿ. ಆಟೋದಂವ ಮಾಣಿಕನಗರಕ್ಕ ಒಯ್ದು ಬಿಟ್ಟಿದ್ದ. ಮುದುಕೇರು ಇಳದ್ರ ಮಠಕ್ಕೇ ಅಂತ ಅವನ ಲೆಕ್ಕ. ತಮ್ಮಾ, ನಾ ದೇವರ ಭೆಟ್ಟಿಗಿ ಬಂದಿಲ್ಲ, ಡಾಕ್ಟರ ಭೆಟ್ಟಿಗಿ ಬಂದೀನಿ ಅಂದೆ. ತಿರುಗಿ ಕರ್ಕೊಂಡ ಬಂದ."

ಡಾಕ್ಟರು ನಮ್ಮ ಕಡೆಯವರೇ, ಇನ್ನೂ ಚಿಕ್ಕ ವಯಸ್ಸು. ಕುರ್ಚಿ ತೋರಿಸಿ, "ಕುಂದರ್ರಿ ಅಜ್ಜಿ, ಏನ್ ತ್ರಾಸ ಅದ?" ಎಂದರು.

"ತ್ರಾಸ ನನಗಿಲ್ಲ ಸಾಹೇಬ್ರ. ಒಂದ್ ಮಾತ ಕೇಳಬೇಕಾಗ್ಯದ. ನಮ್ಮ ಸೊಸಿಗಿ ತಾಟ ಹೊರಗಿಡು ಅಂತ ಹೇಳಿದವ್ರು ಯಾರ್ರಿ?"

"ಯಾವ ತಾಟ?"

"ಉಣ್ಣೋ ತಾಟ್ರಿ. ಇಲ್ಲಿ ಈಕಿಗಿ ಬ್ಯಾರೆ ಇಟ್ಟೀರೋ ಏನೋ, ಅದನ್ನ ಮನಿತನಕ ಹೊತ್ಕೊಂಡ ಬಂದಾಳ. ಗೂಡಿನ್ಯಾಗ ತಾಟ ಇಟ್ಕೊಂಡು ಹೊರಗ ಕುಂತು ಉಣ್ಣಾಕತ್ಯಾಳ. ನಮ್ಮ ಮನ್ಯಾಗ ಗೂಡಿನ ತಾಟ ನಡೆಯಂಗಿಲ್ರಿ. ಯಾರು ಇಟ್ಟಾರ ಅವ್ರ ಹೆಸರ ಹೇಳ್ರಿ, ನಾ ಮಾತಾಡ್ತೀನಿ."

"ಅತ್ತಿ, ಹಂಗೇನಿಲ್ರಿ. ನಡೀರಿ ಹೊರಗ" ಎಂದೆ.

"ನೀ ಸುಮ್ಕಿರು. ನಿನಗ ಕೇಳಿಲ್ಲ."

"ಇಲ್ಲಿ ಯಾರೂ ಬ್ಯಾರೆ ಇಟ್ಟಿಲ್ಲ ಅಜ್ಜಿ" ಎಂದರು ಡಾಕ್ಟರು. "ಎಲ್ಲಾರೂ ಕೂಡೇ ಉಣ್ತಾರ."

"ಮತ್ತ ಈಕಿ ಯಾಕ ಹೊರಗ ಉಣ್ತಾಳ?"

ಡಾಕ್ಟರು ನನ್ನ ಕಡೆ ತಿರುಗಿದರು. "ಸಿಸ್ಟರ್, ಯಾವಾಗಿಂದ?"

"ಕೊರೋನಾ ಟೈಮಿನಿಂದ್ರಿ."

"ಇನ್ನೂ?"

"ಇನ್ನೊಂದು ವಾರ ನೋಡೂಣು ಅಂತ್ರಿ."

ನೆಲ ಒರೆಸುತ್ತಿದ್ದ ಆಯಾ, ಕೆಲಸ ನಿಲ್ಲಿಸದೆಯೇ ಬಾಯಿ ಹಾಕಿದಳು: "ಸಿಸ್ಟರ್‌ಗೇನು ಕೇಳ್ತೀರಿ ಸಾಹೇಬ್ರ? ನೀವೆಲ್ಲಿ ಕೂಡೇ ಉಣ್ತೀರಿ? ಕಾರಿನ ಗ್ಲಾಸ ಏರಿಸ್ಕೊಂಡು ಒಳಗ ಕುಂತು ಉಣ್ತೀರಿ. ನಾ ದಿನಾ ನೋಡಾಕತ್ತೇನಿ."

ಡಾಕ್ಟರು ನಕ್ಕರು. ನಗು ಬೇಗ ನಿಂತಿತು. "ಹೌದು. ಮನಿಗಿ ಹೋದ್ರೂ ಕಾರಿನ್ಯಾಗೇ ಉಣ್ತೀನಿ."

"ಕಾರಿನ್ಯಾಗ ಖಡಕ್ ರೊಟ್ಟಿ ಹ್ಯಾಂಗ ಮುರೀತೀರ್ರಿ?" ಅತ್ತೆ ಕೇಳಿದರು. "ಪುಡಿ ಬೀಳಂಗಿಲ್ಲೇನು?"

"ಬೀಳ್ತದ ಅಜ್ಜಿ."

ಕೆಲವು ತಿಂಗಳ ಹಿಂದೆ ನಮ್ಮಲ್ಲಿ ಸಿಬ್ಬಂದಿಯ ಮನಸ್ಸಿನ ಆರೋಗ್ಯದ ಶಿಬಿರ ಆಗಿತ್ತು. ನಿದ್ದೆ ಬರುತ್ತದೆಯೇ, ಭಯ ಆಗುತ್ತದೆಯೇ ಎಂದು ಕೇಳಿದ್ದರು. ನಾವೆಲ್ಲ, ರಾತ್ರಿ ನಿದ್ದೆಯೇ ಬಾರದ ನಾನೂ, "ಚೊಲೊ ಅದೀವ್ರಿ" ಎಂದು ಹೇಳಿ ಉಪ್ಪಿಟ್ಟು ತಿಂದು ಎದ್ದಿದ್ದೆವು. ನಾನು ಉಪ್ಪಿಟ್ಟನ್ನು ಮರದ ಕೆಳಗೆ ಒಯ್ದು ತಿಂದಿದ್ದೆ. ಡಾಕ್ಟರು ಆಗ ಎಲ್ಲಿ ತಿಂದರೋ ನಾನು ನೋಡಿರಲಿಲ್ಲ.

"ನನ್ನ ಜೊತಿ ಓದಿದಂವ ಒಬ್ಬ ಬೀದರದಾಗ ಮನಸ್ಸಿನ ಡಾಕ್ಟರ್ ಆಗ್ಯಾನ" ಎಂದರು ಅವರು, ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ. "ಹೋಗಬೇಕು ಅಂತ ಎಷ್ಟೋ ಸಲ ಅಂದ್ಕೊಂಡೀನಿ. ಈ ಸಲ ಹೋಗ್ತೀನಿ. ನೀವೂ ಬರ್ರಿ ಸಿಸ್ಟರ್, ನಿಮ್ಮ ಮನೆಯವರನ್ನೂ ಕರ್ಕೊಂಡು."

"ಮನಸ್ಸಿಗೂ ಡಾಕ್ಟರ್ ಅದಾರೇನ್ರಿ?" ಅತ್ತೆಗೆ ಆಶ್ಚರ್ಯ. "ಸೂಜಿ ಎಲ್ಲಿ ಮಾಡ್ತಾರ?"

ಆಯಾ ನೆಲದ ಬಟ್ಟೆ ಬಿಟ್ಟು ಬಾಯಿಗೆ ಸೆರಗು ಹಿಡಿದಳು.

ಡ್ಯೂಟಿ ಮುಗಿಸಿ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು, ಹಿಂದೆ ನಮ್ಮ ಬಸ್ಸು ನಿಧಾನ. ಅತ್ತೆ ಕಿಟಕಿಯ ಪಕ್ಕ, ನಾನು ನಡುವೆ ಚೀಲ ಇಟ್ಟುಕೊಂಡು ಈಚೆ.

"ಜಾತಿ ಕೇಳಿ ನಿನಗ ಬ್ಯಾರೆ ಇಟ್ಟಾರ, ನೀ ನಾಚಿಕಿಗಿ ಹೇಳವಲ್ಲಿ ಅಂತ ತಿಳ್ಕೊಂಡಿದ್ದೆ" ಎಂದರು.

"ಇಲ್ಲತ್ತಿ. ಅಂಜಿಕಿ."

"ಯಾರ ಅಂಜಿಕಿ?"

"ನನ್ನ ಕೈದೇ."

ಅತ್ತೆ ನನ್ನ ಕೈ ನೋಡಿದರು. ತೊಳೆದು ತೊಳೆದು ಬೆರಳ ಸಂದಿಯೆಲ್ಲ ಬಿರಿದಿತ್ತು. ಮುಟ್ಟಲಿಲ್ಲ. ಮುಟ್ಟಿದರೆ ನಾನು ಎಳೆದುಕೊಳ್ಳುತ್ತೇನೆಂದು ಅವರಿಗೆ ಗೊತ್ತಿತ್ತು. ಬಸ್ಸು ಟ್ರ್ಯಾಕ್ಟರನ್ನು ದಾಟಿದ ಮೇಲೆ ಹೇಳಿದರು: "ನನ್ನ ಕಪ್ಪ ಮಂದಿ ಇಟ್ಟದ್ದಿತ್ತು. ಅವ್ರ ಹೊಲಕ್ಕ ಹೋಗೂದು ಬಿಟ್ಟೆ, ಕಪ್ಪ ಅಲ್ಲೇ ಉಳೀತು. ನಿಂದು ನೀನೇ ಇಟ್ಕೊಂಡಿ. ಅದನ್ನ ಹ್ಯಾಂಗ ಬಿಡ್ತಿ?"

"ಗೊತ್ತಿಲ್ಲತ್ತಿ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಬೀದರಿಗೆ ಹೋದೆ. ಗಂಡ ಅಂಗಡಿ ಮುಚ್ಚಿ ಜೊತೆಗೆ ಬಂದರು. ಸಣ್ಣ ಬಿಳಿ ಗುಳಿಗೆ ಕೊಟ್ಟರು; ಅದಕ್ಕೆ ಬಾಯಿ ಒಣಗುತ್ತಿತ್ತು, ಆದರೆ ನಿದ್ದೆ ಬರತೊಡಗಿತು. ತಾಟನ್ನು ಒಮ್ಮೆಗೇ ಒಳಗೆ ಒಯ್ಯಬೇಡಿ, ಸ್ವಲ್ಪ ಸ್ವಲ್ಪ ಸರಿಸಿ ಎಂದು ಆ ಡಾಕ್ಟರು ಹೇಳಿದ್ದರು. ಗೂಡಿನಿಂದ ಕಟ್ಟೆಗೆ, ಕಟ್ಟೆಯಿಂದ ಹೊಸ್ತಿಲಿಗೆ ಬಂತು. ಓಣಿಯಲ್ಲಿ ಯಾರಿಗೋ ಜ್ವರ ಬಂತೆಂದು ಕೇಳಿ ಮತ್ತೆ ಗೂಡಿಗೆ ಹೋಯಿತು. ಅತ್ತೆ ಬೈಯಲಿಲ್ಲ. ಅದು ಅಡುಗೆಮನೆಯ ಸಾಲಿಗೆ ಸೇರುವಷ್ಟರಲ್ಲಿ ಮಗಳು ಒಂದು ತರಗತಿ ಮುಂದೆ ಹೋಗಿದ್ದಳು. ಬೂದಿಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಹೋಗಿರುವುದರಿಂದ ಈಗಲೂ ಗುರುತು ಸಿಗುತ್ತದೆ. ಯಾರ ಪಾಲಿಗೆ ಬರುತ್ತದೋ ಅವರು ಅದರಲ್ಲಿ ಉಣ್ಣುತ್ತಾರೆ. ಡಾಕ್ಟರು ಈಗ ನಮ್ಮ ಜೊತೆ ಕೂತು ಉಣ್ಣುತ್ತಾರೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ. ನಾನು ಕೈ ತೊಳೆಯುವುದು ಇನ್ನೂ ಬೇಕಾದದ್ದಕ್ಕಿಂತ ಜಾಸ್ತಿಯೇ.

ಅದೆಲ್ಲ ಆಮೇಲಿನ ಮಾತು. ಆ ದಿನ ಸಂಜೆ ನಾನು ಎಂದಿನಂತೆ ಗೂಡಿನಿಂದ ತಾಟು ತೆಗೆದು ಕಟ್ಟೆಯ ಮೇಲೆ ಕುಳಿತೆ. ಅತ್ತೆ ತಮ್ಮ ತಾಟು ಹಿಡಿದು ಹೊರಗೆ ಬಂದು ಕಟ್ಟೆಯ ಆಚೆ ತುದಿಗೆ ಕೂತರು.

"ಚಳಿ ಅದ, ಒಳಗ ನಡೀರಿ" ಎಂದೆ.

"ನೀ ಉಣ್ಣು."

ಹಿಂದಿನಿಂದ ಗಂಡ ಬಂದರು, ಆಮೇಲೆ ಮಗಳು ಉಪ್ಪಿನಕಾಯಿ ಭರಣಿ ಹಿಡಿದು ಬಂದಳು. ಎದುರುಮನೆಯವರು, "ಏನವಾ, ಇವತ್ತ ಹೊರಗೇ ಪಂಗತಿ?" ಎಂದು ಕೇಳಿದರು. "ಹೌದ್ರಿ, ಬರ್ರಿ ಉಣ್ಣಾಕ" ಎಂದರು ಅತ್ತೆ. ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಗಂಡ ಬಡಿದ ರೊಟ್ಟಿ ಒಂದು ಕಡೆ ದಪ್ಪ. ಮಗಳು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

ಉಂಡ ಮೇಲೆ ಅತ್ತೆ ಹಾಸಿಗೆಯನ್ನೂ ತಂದು ನನ್ನ ಖೋಲಿಯ ಬಾಗಿಲ ಹೊರಗೆ ಹಾಸಿದರು. "ನಿನಗ ನಿದ್ದಿ ಬರಂಗಿಲ್ಲಂತಲ್ಲ. ನೀ ಮಲಗು, ನಾ ಎಚ್ಚರ ಇರ್ತೀನಿ" ಎಂದರು. ಬಸ್ಸಿನ ದಣಿವು. ಹೊದಿಕೆ ಎಳೆದುಕೊಳ್ಳುವ ಮೊದಲೇ ಅವರ ಗೊರಕೆ ಶುರುವಾಯಿತು. ಆಮೇಲೆ ಒಳಗೆ ಮಗಳು ನಿದ್ದೆ ಹೋದಳು, ಆಮೇಲೆ ಗಂಡ. ನಾನು ಕೊನೆಗೆ.