ಪಾಂಡವರ ಕಲ್ಲಿಗೆ ಹೋಗುತ್ತಿದ್ದ ನಮ್ಮ ಬೆಕ್ಕುಗಳು

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿದ್ದವು. ಒಂದು ಬೂದು ಬಣ್ಣದ ಹೆಣ್ಣು, ಇನ್ನೊಂದು ಅದರದೇ ಮರಿ, ಹಳದಿ ಪಟ್ಟೆಯ ಗಂಡು. ಕಾಮಗೆರೆ ದಾಟಿ ಹನೂರಿನ ಕಡೆ ಹೋಗುವಾಗ ಎಡಕ್ಕೆ ಇಳಿದರೆ ನಮ್ಮೂರು. ನಾನು ಊರಿನ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ನನ್ನ ಗಂಡ ಹೊಲ ನೋಡಿಕೊಳ್ಳುತ್ತಿದ್ದರು. ಒಬ್ಬಳೇ ಮಗಳು, ಅವಳನ್ನು ಯಳಂದೂರಿಗೆ ಕೊಟ್ಟಿದ್ದೆವು.

ನಮ್ಮ ಹೊಲದ ಮೇಲ್ಗಡೆ, ಗುಡ್ಡದ ಬುಡದಲ್ಲಿ, ದುಂಡಗೆ ಜೋಡಿಸಿದ ಕಲ್ಲುಗಳಿವೆ. ಒಂದೊಂದೂ ಮಲಗಿದ ಎಮ್ಮೆಯಷ್ಟು ದಪ್ಪ. ನಡುವೆ ಒಂದು ಚಪ್ಪಡಿ ಅರ್ಧ ಮಣ್ಣೊಳಗೆ ಹೂತುಹೋಗಿದೆ. ಊರಿನವರು ಪಾಂಡವರ ಕಲ್ಲು ಅನ್ನುತ್ತಾರೆ. ಒಮ್ಮೆ ಮೈಸೂರಿನಿಂದ ಯಾರೋ ಬಂದು ಟೇಪು ಹಿಡಿದು ಅಳೆದು, ಇದು ಸಾವಿರಾರು ವರ್ಷದ ಹಿಂದೆ ಸತ್ತವರನ್ನು ಹೂತ ಜಾಗ ಎಂದು ಹೇಳಿ ಹೋಗಿದ್ದರು. ಅತ್ತೆ ಇದ್ದಷ್ಟು ದಿನ ನನ್ನನ್ನು ಆ ಸುತ್ತಿನೊಳಗೆ ಕಾಲಿಡಲು ಬಿಟ್ಟವರಲ್ಲ. ಮೊದಲು ನೇಗಿಲು, ಈಗ ಟ್ರ್ಯಾಕ್ಟರು, ಎರಡೂ ಅದನ್ನು ಬಳಸಿಕೊಂಡೇ ಹೋಗಿವೆ.

ಆ ವರ್ಷ ರಾಗಿ ತೆನೆ ಕಟ್ಟುವ ಹೊತ್ತಿಗೆ ಬೆಕ್ಕುಗಳು ನಾನು ಹಾಕಿದ ಹಾಲು ಮೂಸುವುದನ್ನೂ ಬಿಟ್ಟವು. ಅಂಗನವಾಡಿ ಮುಗಿಸಿ ಬಂದು ಬಟ್ಟಲಿಗೆ ಹಾಲು ಹಾಕಿದರೆ ಒಂದು ಸಲ ನೋಡಿ ಕಟ್ಟೆಯ ಮೇಲೆ ಮಲಗುತ್ತಿದ್ದವು. ಹೊಟ್ಟೆ ಮಾತ್ರ ತುಂಬಿಕೊಂಡೇ ಇರುತ್ತಿತ್ತು. ಎಲ್ಲೋ ಕದ್ದು ತಿನ್ನುತ್ತಿವೆ, ನಾಳೆ ಯಾರಾದರೂ ಜಗಳಕ್ಕೆ ಬರುತ್ತಾರೆ ಅಂದುಕೊಂಡೆ. ಪಕ್ಕದ ಹೊಲದ ಹೆಂಗಸು ಬಂದಳು ಕೂಡ. ಆದರೆ ಜಗಳಕ್ಕಲ್ಲ.

"ಅಕ್ಕ, ನಿಮ್ ಬೆಕ್ಕು ದಿನಾ ಮದ್ಯಾನ ಪಾಂಡವರ ಕಲ್ಲತ್ರ ಓಯ್ತವೆ ಕಣಕ್ಕ. ಸತ್ತೋರ ಜಾಗ ಅದು. ಮನೇಲಿ ಸಾಕಿದ ಪ್ರಾಣಿ ಅಲ್ಲಿಗೋಗದು ಒಳ್ಳೇದಲ್ಲ."

ಸಂಜೆ ಗಂಡನಿಗೆ ಹೇಳಿದೆ. ಅವರು ಕೈಕಾಲು ತೊಳೆಯುತ್ತಿದ್ದವರು ತಲೆ ಎತ್ತಲಿಲ್ಲ.

"ನನ್ ಹಿಂದ್ಗುಟ್ಟೆ ಬತ್ತವೆ, ಬರ್ಲಿ ಬುಡು. ಅಲ್ಲಿ ನೆಳ್ಳದೆ," ಅಂದರು.

ಅವರು ಆಗ ತೆಳ್ಳಗಾಗುತ್ತಿದ್ದರು. ಅಂಗಿಯ ಕುತ್ತಿಗೆಪಟ್ಟಿ ಸಡಿಲವಾಗಿತ್ತು. ಕೇಳಿದರೆ, ರಾತ್ರಿ ಹೊಲಕ್ಕೆ ಕಾಡುಹಂದಿ ಬೀಳದ ಹಾಗೆ ಕಾಯುವ ನಿದ್ದೆಗೇಡು ಅನ್ನುತ್ತಿದ್ದರು. ಬೆಳಿಗ್ಗೆ ಬರೀ ಕಾಫಿ. ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದು, "ಮದ್ಯಾನ ಉಂಡಿದ್ದೇ ಜಾಸ್ತಿ ಆಯ್ತು" ಎಂದು ಏಳುತ್ತಿದ್ದರು. ನಾನು ಮುದ್ದೆ, ಉಪ್ಸಾರು, ಮೊಸರನ್ನ ಕಟ್ಟಿಕೊಟ್ಟ ಕ್ಯಾರಿಯರ್ ಒಂದು ಅಗುಳೂ ಇಲ್ಲದೆ ಬರುತ್ತಿತ್ತು. ತೊಳೆದು ಒರೆಸಿ ತರುತ್ತಿದ್ದರು. ಮದುವೆಯಾದಾಗಿನಿಂದ ಒಂದು ಲೋಟ ತೊಳೆದವರಲ್ಲ. ಅದು ಆಗಲೇ ನನ್ನ ತಲೆಗೆ ಹೊಳೆಯಬೇಕಿತ್ತು.

ಒಂದು ದಿನ ಅಂಗನವಾಡಿಗೆ ರಜೆ. ಮಧ್ಯಾಹ್ನ ಬೂದು ಬೆಕ್ಕು ಎದ್ದು ಮೈ ಮುರಿದು ಹೊರಟಿತು, ಅದರ ಹಿಂದೆ ಹಳದಿಯದು. ನಾನೂ ಹಿಂದೆ ಹೋದೆ. ಬದುವಿನ ಮೇಲೆ ಎರಡೂ ಒಂದರ ಹಿಂದೊಂದು, ಎಲ್ಲಿಯೂ ನಿಲ್ಲದೆ ನಡೆದವು. ಗುಡ್ಡದ ಬುಡಕ್ಕೆ ಬಂದಾಗ ನಾನು ಹುಣಸೆ ಮರದ ಮರೆಗೆ ನಿಂತೆ.

ನನ್ನ ಗಂಡ ಸುತ್ತಿನೊಳಗೆ ಒಂದು ಕಲ್ಲಿಗೆ ಒರಗಿ ಕೂತಿದ್ದರು. ಎದುರಿಗೆ ಕ್ಯಾರಿಯರ್ ಬಿಚ್ಚಿತ್ತು. ಮೊಸರನ್ನವನ್ನು ಚಪ್ಪಡಿಯ ಮೇಲೆ ಎರಡು ಪಾಲು ಮಾಡಿ ಸುರಿದರು. ಬೆಕ್ಕುಗಳು ಅಂಜಿಕೆಯಿಲ್ಲದೆ ತಮ್ಮ ತಮ್ಮ ಪಾಲಿಗೆ ಬಾಯಿ ಹಾಕಿದವು. ಮುದ್ದೆಯನ್ನು ಮುರಿದು ಕಾಗೆಗೆ ಎಸೆದರು. ಕೊನೆಗೆ ಉಳಿದ ಒಂದು ತುತ್ತನ್ನು ಉಪ್ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಕುತ್ತಿಗೆಯ ನರ ಉಬ್ಬಿತು. ತುತ್ತು ಇಳಿಯಲಿಲ್ಲ. ಅಂಗೈಗೆ ಉಗುಳಿ ಅದನ್ನೂ ಕಾಗೆಗೆ ಹಾಕಿ, ಟವೆಲಿನಿಂದ ಕಣ್ಣೊರೆಸಿಕೊಂಡು, ಬಾಟಲಿಯ ನೀರಿನಲ್ಲಿ ಡಬ್ಬಿ ತೊಳೆಯಲು ಶುರು ಮಾಡಿದರು.

ನಾನು ಕೂಗಲಿಲ್ಲ. ಬಂದ ದಾರಿಯಲ್ಲೇ ವಾಪಸ್ಸು ಮನೆಗೆ ಬಂದೆ.

ಯಾಕೆ ಅಂದರೆ, ನನಗೆ ಆ ಕ್ಷಣಕ್ಕೇ ಅರ್ಥವಾಗಿತ್ತು. ಅವರ ಅಣ್ಣನಿಗೂ ಹೀಗೇ ತುತ್ತು ಇಳಿಯದ ಹಾಗೆ ಗಂಟಲು ಕಟ್ಟಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ, ಮೂಗಿಗೆ ಪೈಪು ಹಾಕಿಸಿಕೊಂಡು ಕರೆತಂದರು. ಆ ಪೈಪಿನಲ್ಲೇ ನಾಲ್ಕು ತಿಂಗಳು ಬದುಕಿದರು. ಅವರಿಗೆ ಗಂಜಿ ಬಿಡುತ್ತಿದ್ದುದು ನನ್ನ ಗಂಡನೇ. ಹೆಸರು ಹೇಳಿದರೆ ಕಾಯಿಲೆ ಮನೆಯೊಳಕ್ಕೆ ಬಂದುಬಿಡುತ್ತದೆ ಎನ್ನುವ ಹಾಗೆ ನಾನೂ ಬಾಯಿ ಮುಚ್ಚಿಕೊಂಡೆ.

ಮರುದಿನ ಮುದ್ದೆ ಕಟ್ಟಲಿಲ್ಲ. ನುಚ್ಚಕ್ಕಿಯ ಗಂಜಿಯನ್ನು ತೆಳ್ಳಗೆ ಬೇಯಿಸಿ, ಮಜ್ಜಿಗೆ ಬೆರೆಸಿ, ಡಬ್ಬಿಗೆ ಹಾಕಿದೆ. ಸಂಜೆ ಬಂದವರು ಡಬ್ಬಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ಗಂಜಿ ಯಾಕ್ ಕಟ್ಟಿದ್ದೆ?"

"ನುಚ್ಚು ಮಿಕ್ಕಿತ್ತು ಕಣ್ರಿ, ಹುಳ ಬೀಳ್ತದೆ ಅಂತ."

ಟವೆಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾ, "ಚೆನ್ನಾಗಿತ್ತು ಕಣಮ್ಮಿ," ಅಂದರು.

ಆ ಸಂಜೆ ಬೆಕ್ಕುಗಳು ಒಲೆಯ ಹತ್ತಿರ ಬಂದು ಅರಚಿಕೊಂಡವು. ಬಟ್ಟಲು ತುಂಬ ಹಾಲು ಹಾಕಿದೆ, ನೆಕ್ಕಿ ಖಾಲಿ ಮಾಡಿದವು. ನನಗೆ ಅಳು ಬಂತು, ಸಂತೋಷಕ್ಕೇ ಬಂದದ್ದು. ಬೆಕ್ಕಿಗೆ ಹಸಿವಾಗಿದ್ದರೆ ಗಂಜಿ ಅವರ ಹೊಟ್ಟೆಗೆ ಹೋಗಿದೆ ಎಂದು ಲೆಕ್ಕ. ಅಂದಿನಿಂದ ಸಂಜೆಯಾದರೆ ನಾನು ಮೊದಲು ನೋಡುತ್ತಿದ್ದುದು ಗಂಡನ ಮುಖವನ್ನಲ್ಲ, ಬೆಕ್ಕುಗಳನ್ನು. ಹೀಗೆ ಇಪ್ಪತ್ತು ದಿನದ ಮೇಲಾಯಿತು. ನಾನು ದಿನಕ್ಕೊಂದು ಸುಳ್ಳು ಹೇಳಿ ಗಂಜಿ ಕಟ್ಟುವುದು, ಅವರು ದಿನಾ ಚೆನ್ನಾಗಿತ್ತು ಅನ್ನುವುದು.

ಒಂದು ಸಂಜೆ ಬೆಕ್ಕುಗಳು ಹಾಲು ಕೇಳಲಿಲ್ಲ. ಕಟ್ಟೆಯ ಮೇಲೆ ಮಲಗಿ ಮೂತಿ ಒರೆಸಿಕೊಳ್ಳುತ್ತಿದ್ದವು. ಮಾರನೆಯ ದಿನವೂ ಹಾಗೇ. ಅವರು ಜಗಲಿಯಲ್ಲಿ ಕೂತಿದ್ದರು, ನಾನು ಹೋಗಿ ಪಕ್ಕದಲ್ಲಿ ಕೂತೆ.

"ಬೆಕ್ಕು ನೆನ್ನಿಂದ ಹಾಲು ಕುಡಿತಿಲ್ಲ ಕಣ್ರಿ."

ಅವರು ಕಟ್ಟೆಯ ಮೇಲಿದ್ದ ಬೆಕ್ಕುಗಳ ಕಡೆ ತಿರುಗಿದರು. ಆಮೇಲೆ, "ನೋಡ್ಬುಟ್ಟಿದ್ದೀಯಾ?" ಅಂದರು.

"ನೋಡಿದೆ. ಅಂಗನವಾಡಿ ರಜ ಇದ್ದ ದಿನ."

"ಅಷ್ಟ್ ದಿನದಿಂದ ಸುಮ್ಕಿದ್ಯಲ್ಲ."

"ನೀವೂ ಸುಮ್ಕಿದ್ರಲ್ಲ."

"ಅಣ್ಣನ ಮೂಗಲ್ಲಿದ್ದ ಪೈಪು ಕಣ್ಮುಂದೆ ಬತ್ತದೆ ಕಣಮ್ಮಿ. ಅದೊಂದ್ ಬುಟ್ಟು ಏನ್ ಬೇಕಾದ್ರೂ ಆಗ್ಲಿ."

ಬೆಳಿಗ್ಗೆ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋಗಿ ಅಲ್ಲಿಂದ ಮೈಸೂರಿಗೆ ಹೋದೆವು. ಡಾಕ್ಟರು ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. "ಒಂದ್ ವಾರ ಆಗಿರ್ಬೋದು ಸಾ," ಅಂದರು ನನ್ನ ಗಂಡ. ಡಾಕ್ಟರು ಅವರ ತೋಳು ನೋಡಿ, ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಸ್ಕ್ಯಾನು ಬಂದ ಮೇಲೆ ಆಪರೇಷನ್ ಮಾಡುವ ಹಂತ ದಾಟಿದೆ ಅಂದರು. ಕೊನೆಗೆ ನನ್ನ ಗಂಡ ಹೆದರಿದ್ದ ಪೈಪನ್ನೇ ಹಾಕಿದರು. ಮಗಳು ಯಳಂದೂರಿನಿಂದ ಓಡಿ ಬಂದಳು. ರಾಗಿ ಕುಯ್ಲು ಮುಗಿದು ಹುಲ್ಲು ಮೆದೆ ಹಾಕುವ ಹೊತ್ತಿಗೆ ಅವರು ತೀರಿಕೊಂಡರು.

ನಮ್ಮಲ್ಲಿ ಹೂಳುವುದು. ಹೊಲದ ಕೆಳಗಿನ ಮೂಲೆಯಲ್ಲಿ, ಅವರ ಅಣ್ಣನ ಪಕ್ಕ, ಸಮಾಧಿ ಮಾಡಿದರು. ಬೆಕ್ಕುಗಳು ಆ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನವಾದರೆ ಬದು ಹಿಡಿದು ಮೇಲಕ್ಕೆ, ಪಾಂಡವರ ಕಲ್ಲಿಗೇ ಹೋಗುತ್ತಿದ್ದವು. ಅಲ್ಲಿ ಕೂತು ಕೂತು ಬರಿ ಹೊಟ್ಟೆಯಲ್ಲಿ ಬರುತ್ತಿದ್ದವು. ಒಂದು ದಿನ ನಾನೇ ಮೊಸರನ್ನ ತೆಗೆದುಕೊಂಡು ಹೋದೆ. ಅತ್ತೆಯ ಮಾತು ನೆನಪಾಗಿ ಕಲ್ಲಿನ ಹೊರಗೇ ಸ್ವಲ್ಪ ಹೊತ್ತು ನಿಂತೆ, ಆಮೇಲೆ ಒಳಗೆ ಹೋಗಿ ಚಪ್ಪಡಿಯ ಮೇಲೆ ಸುರಿದೆ. ಹಳದಿ ಬೆಕ್ಕು ತಿಂದಿತು. ಬೂದು ಬೆಕ್ಕು ನನ್ನ ಕೈ ಮೂಸಿ, ದೂರ ಹೋಗಿ ಕೂತಿತು. ಮತ್ತೆ ನಾನು ಹೋಗಲಿಲ್ಲ. ತಿಂಗಳೊಳಗೆ ಹಳದಿ ಬೆಕ್ಕು ಕಾಣೆಯಾಯಿತು. ಚಿರತೆ ಹಿಡಿದಿರಬೇಕು ಅಂದರು. ಬೂದು ಬೆಕ್ಕು ಕೆಲವು ದಿನ ಒಂದೇ ಹೋಗಿ ಬಂದು, ಆಮೇಲೆ ಹೋಗುವುದನ್ನು ಬಿಟ್ಟಿತು.

ವರ್ಷದ ಕಾರ್ಯಕ್ಕೆ ಬಂದಾಗ ಮಗಳು ಪಾತ್ರೆ ತೊಳೆಯುತ್ತಾ ಕೇಳಿದಳು.

"ಅವ್ವ, ಅಪ್ಪಂಗೆ ಇಂಗಾಗದೆ ಅಂತ ನಿಂಗ್ ಯಾವಾಗ ಗೊತ್ತಾಯ್ತು?"

ಆಸ್ಪತ್ರೆಗೆ ಹೋಗುವ ವಾರದ ಹಿಂದಷ್ಟೇ ಗೊತ್ತಾಯಿತು ಎಂದು ಅಷ್ಟು ದಿನ ಎಲ್ಲರಿಗೂ ಹೇಳಿದ ಸುಳ್ಳನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಹುಣಸೆ ಮರ, ಮೊಸರನ್ನ, ಗಂಜಿ, ಎಲ್ಲ ಹೇಳಿದೆ. ಅವಳ ಕೈ ಪಾತ್ರೆಯ ಮೇಲೆ ನಿಂತುಬಿಟ್ಟಿತು.

"ಒಂದ್ ಫೋನ್ ಮಾಡಕಾಗ್ನಿಲ್ವಾ ನಿಂಗೆ?" ಅಂದಳು.

ಅವಳು ಆ ಸಂಜೆಯೇ ಹೊರಟುಹೋದಳು. ಎರಡು ತಿಂಗಳು ಮಾತಿಲ್ಲ. ಆಮೇಲೊಂದು ದಿನ ಅವಳೇ ಫೋನು ಮಾಡಿ, ಉಪ್ಸಾರಿನ ಖಾರಕ್ಕೆ ಬೆಳ್ಳುಳ್ಳಿ ಸುಟ್ಟು ಹಾಕುವುದೋ ಹಸಿಯದೋ ಎಂದು ಕೇಳಿದಳು. ಸುಟ್ಟು ಹಾಕು ಅಂದೆ. ಹೂಂ ಅಂದಳು. ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಅಪ್ಪನ ವಿಷಯ ಅವಳು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.